ಫೆಲಿಮ್ ಓಕಾನರ್ ಪಕ್ಷಾಂತರಿಯೇ? 23ಕ್ಕೇ ಸತ್ತ ಐರಿಷ್ ದೊರೆಯ ದಾಯಾದಿ ಜಗಳ

ಪ್ರಶ್ನೆ: ನಾನು ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್ ಆಗಿದ್ದೇನೆ. ಹತ್ತಿರದ ಅಥೆನ್ರೈ ಊರಿನ ಕೋಟೆ ನೋಡಲು ಹೋದಾಗ 1316ರ ಯುದ್ಧದ ಕಥೆ ಕೇಳಿದೆ. ಅಲ್ಲಿ ಸತ್ತ ಫೆಲಿಮ್ ಓಕಾನರ್ ಎಂಬ ದೊರೆ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ವೀರ ಎಂದು ಊರಿನವರೊಬ್ಬರು ಹೇಳಿದರು. ಮನೆಗೆ ಬಂದು ಓದಿದರೆ ಬೇರೆಯೇ ಕಥೆ. ಅವನು ಮೊದಲು ಇಂಗ್ಲಿಷರ ಜೊತೆಗಿದ್ದ, ಆಮೇಲೆ ಸ್ಕಾಟರ ಕಡೆ ಹೋದ, ಸ್ವಂತ ದಾಯಾದಿಯ ಮೇಲೇ ಯುದ್ಧ ಮಾಡಿ ಕೊಂದ ಅಂತಿದೆ. ಯಾವುದು ನಿಜ? 23 ವರ್ಷದ ಹುಡುಗ ಇಷ್ಟೆಲ್ಲ ಹೇಗೆ ಮಾಡಿದ? ಅವನು ಅಥೆನ್ರೈಯಲ್ಲಿ ಗೆದ್ದಿದ್ದರೆ ಐರ್ಲೆಂಡ್ ಇಂಗ್ಲಿಷರ ಕೈಯಿಂದ ತಪ್ಪಿಸಿಕೊಳ್ಳುತ್ತಿತ್ತೇ?

ಉತ್ತರ: ನೀವು ಓದಿದ್ದು ನಿಜ. ಆ ಊರಿನವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಆದರೆ 'ಇಂಗ್ಲಿಷರ ಕಡೆಯೋ, ಸ್ಕಾಟರ ಕಡೆಯೋ' ಎಂದು ಕೇಳುತ್ತಾ ಹೋದರೆ ಫೆಲಿಮ್ ಕೊನೆಯವರೆಗೂ ಅರ್ಥವಾಗುವುದಿಲ್ಲ. ಅವನ ವಿಷಯದಲ್ಲಿ ಪ್ರತಿ ವರ್ಷ ಕೇಳಬೇಕಾದ್ದು ಒಂದೇ: ಈಗ ಅವನ ದಾಯಾದಿ ಯಾರ ಕಡೆ ಇದ್ದಾನೆ? ಆ ಉತ್ತರ ಸಿಕ್ಕಿದರೆ ಫೆಲಿಮ್ ಎಲ್ಲಿದ್ದಾನೆ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಅವನ ಬದುಕಿನಲ್ಲಿ ಈ ಲೆಕ್ಕ ತಪ್ಪುವುದು ಒಂದೇ ಸಲ, ಸಾಯುವ ವರ್ಷ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅವನ ವಂಶ ನೋಡೋಣ. ಓಕಾನರ್‌ಗಳು ಪಶ್ಚಿಮ ಐರ್ಲೆಂಡಿನ ಕನಾಟ್ ಪ್ರಾಂತ್ಯದ ರಾಜರು. (ದೆಹಲಿಯ ಕನಾಟ್ ಪ್ಲೇಸ್‌ನಲ್ಲಿರುವುದು ಇದೇ ಕನಾಟ್. ಬ್ರಿಟಿಷ್ ರಾಜಕುಮಾರನೊಬ್ಬನ ಬಿರುದಿನ ಮೂಲಕ ಆ ಹೆಸರು ಅಲ್ಲಿಗೆ ಬಂತು.) 12ನೇ ಶತಮಾನದಲ್ಲಿ ಟರ್ಲೋ ಓಕಾನರ್ ಇಡೀ ಐರ್ಲೆಂಡಿನಲ್ಲೇ ದೊಡ್ಡ ರಾಜ. 1156ರಲ್ಲಿ ಸತ್ತಾಗ ಅವನು ಬಿಟ್ಟುಹೋದದ್ದು ಒಂದು ರಾಜ್ಯ, ಒಂದು ಹಿಂಡು ಗಂಡುಮಕ್ಕಳು. ಆ ಮಕ್ಕಳಿಂದ ಕವಲುಗಳು ಹುಟ್ಟಿದವು, ಕವಲುಗಳಿಂದ ಜಗಳ ಹುಟ್ಟಿತು. ನಮ್ಮ ಫೆಲಿಮ್ ಟರ್ಲೋನ ಮಗ ಕಾಹಲ್‌ನ ಕವಲಿನವನು. ಈ ಕಾಹಲ್‌ಗೆ 'ಕೆಂಪು ಕೈಯವನು' ಅಂತ ಅಡ್ಡಹೆಸರು. 1224ರಲ್ಲಿ ವಯಸ್ಸಾಗಿ, ಸನ್ಯಾಸಿಯ ಬಟ್ಟೆ ತೊಟ್ಟು ನೆಮ್ಮದಿಯಾಗಿ ಸತ್ತ.

ನೆಮ್ಮದಿ ಅಲ್ಲಿಗೆ ಮುಗಿಯಿತು. ಕಾಹಲ್‌ನ ಮಗ ಏಡ್ 1228ರಲ್ಲಿ ಇಂಗ್ಲಿಷ್ ಆಡಳಿತದ ಮುಖ್ಯಸ್ಥನಾಗಿದ್ದ ಜೆಫ್ರಿ ಡಿ ಮರಿಸ್ಕೋನ ಮನೆಯಲ್ಲಿ ಅತಿಥಿಯಾಗಿದ್ದ. ಒಬ್ಬ ಬಡಗಿಯ ಹೆಂಡತಿ ಅವನಿಗೆ ಸ್ನಾನ ಮಾಡಿಸುತ್ತಿದ್ದಳು. ಹೊಟ್ಟೆಕಿಚ್ಚಿನ ಬಡಗಿ ಕೊಡಲಿಯಿಂದ ಒಂದೇ ಏಟಿಗೆ ಕೊಂದ. ಮಾರನೇ ದಿನ ಅವನನ್ನು ನೇಣಿಗೆ ಹಾಕಿದರು. ಏಡ್‌ನ ಮಗ ರೋರಿ 1244ರಲ್ಲಿ ಶಾನನ್ ನದಿಯಲ್ಲಿ ಮುಳುಗಿ ಸತ್ತ. ರೋರಿಯ ಮಗ ಓವನ್ 1274ರಲ್ಲಿ ರಾಜನಾದ. ಮೂರು ತಿಂಗಳಷ್ಟೇ. ರೊಸ್ಕಾಮನ್‌ನ ಸನ್ಯಾಸಿಗಳ ಚರ್ಚಿನೊಳಗೇ ಸ್ವಂತ ಬಂಧುಗಳು ಅವನನ್ನು ಕೊಂದರು. ಓವನ್‌ನ ಮಗ ಇನ್ನೊಬ್ಬ ಏಡ್. 1309ರಲ್ಲಿ ಅವನನ್ನು ಕೊಂದವನೂ ದಾಯಾದಿಯೇ. ಈ ಎರಡನೇ ಏಡ್‌ನ ಮಗನೇ ಫೆಲಿಮ್. ಅಪ್ಪ ಸತ್ತಾಗ ಹುಡುಗನಿಗೆ 16ರ ಆಸುಪಾಸು. ಅಂದರೆ ಅಪ್ಪ, ತಾತ, ಮುತ್ತಾತ, ಮುತ್ತಾತನ ಅಪ್ಪ, ನಾಲ್ವರಲ್ಲಿ ಒಬ್ಬನೂ ಹಾಸಿಗೆಯಲ್ಲಿ ಸತ್ತವನಲ್ಲ.

(ಏಡ್‌ಗಳು, ರೋರಿಗಳು, ಕಾಹಲ್‌ಗಳು ಇನ್ನೂ ಬರುತ್ತಾರೆ. ಮನೆತನದಲ್ಲಿ ಹೆಸರಿಗೆ ಬರ. ನಾನು ಏನೂ ಮಾಡುವಂತಿಲ್ಲ.)

ಇಷ್ಟು ರಕ್ತ ಯಾಕೆ? ಇವರು ಕ್ರೂರಿಗಳಾಗಿದ್ದರು ಅನ್ನುವುದು ಸುಲಭದ ಉತ್ತರ. ನಿಜವಾದ ಕಾರಣ ಪಟ್ಟದ ಕಾನೂನಿನಲ್ಲಿದೆ. ಗೇಲಿಕ್ ಐರ್ಲೆಂಡಿನಲ್ಲಿ, ಅಂದರೆ ಐರಿಷ್ ಮಾತು, ಐರಿಷ್ ಪದ್ಧತಿ ಇದ್ದ ಕಡೆ, ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಇರಲಿಲ್ಲ. ಒಬ್ಬ ರಾಜನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳವರೆಗೆ ಎಲ್ಲ ಗಂಡಸರಿಗೂ ಹಕ್ಕಿತ್ತು. ಮದುವೆಯ ಹೊರಗೆ ಹುಟ್ಟಿದವರಿಗೂ, ಅಪ್ಪ ಒಪ್ಪಿಕೊಂಡಿದ್ದರೆ, ಬಾಗಿಲು ಮುಚ್ಚಿರಲಿಲ್ಲ. ಅವರಲ್ಲಿ ಯೋಗ್ಯನನ್ನು ಪ್ರಾಂತ್ಯದ ದೊಡ್ಡ ಮನೆತನಗಳು ಆರಿಸಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ಮಗುವೋ ಮಂಕನೋ ಪಟ್ಟಕ್ಕೆ ಬರುವುದಿಲ್ಲ. ಆದರೆ ಯೋಗ್ಯ ಯಾರು ಅಂತ ತೋರಿಸುವುದು ಹೇಗೆ? ಮಿಕ್ಕವರನ್ನು ಸೋಲಿಸಿ. ಅಣ್ಣತಮ್ಮ, ಚಿಕ್ಕಪ್ಪ, ದೊಡ್ಡಪ್ಪನ ಮಗ, ಎಲ್ಲರೂ ಅವತ್ತಿನಿಂದ ಎದುರಾಳಿಗಳೇ.

ಮೈಮೇಲೆ ದೊಡ್ಡ ಊನ ಇರುವವನು ರಾಜನಾಗುವಂತಿಲ್ಲ ಎಂಬ ಹಳೆಯ ನಂಬಿಕೆಯೂ ಇತ್ತು. ಹಾಗಾಗಿ ದಾಯಾದಿಯ ಕಣ್ಣು ಕೀಳಿಸುವುದು ಒಂದು ರಾಜಕೀಯ ಉಪಾಯವೇ ಆಗಿಹೋಯಿತು. ಕೊಂದ ಪಾಪ ಇಲ್ಲ, ಎದುರಾಳಿಯೂ ಇಲ್ಲ. 1265ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬ ಏಡ್ ಓಕಾನರ್ ಮೊದಲು ಮಾಡಿದ ಕೆಲಸಗಳಲ್ಲಿ ಇದೂ ಒಂದು. ಅಥ್ಲೋನ್‌ನಲ್ಲಿ ದಾಯಾದಿ ಕಾಹಲ್‌ನ ಕಣ್ಣು ಕೀಳಿಸಿದ. ಕಾಹಲ್ ಅದರಿಂದಲೇ ಸತ್ತ. ಆ ಏಡ್ 1274ರ ಮೇ 3ರಂದು ತೀರಿಕೊಂಡ ಮೇಲೆ ಏನಾಯಿತು ನೋಡಿ. ಫೆಲಿಮ್‌ನ ತಾತ ಓವನ್ ಮೂರು ತಿಂಗಳು ಆಳಿದ. ಮುಂದಿನವನು ಹದಿನೈದು ದಿನ. ಅವನನ್ನೂ ಕೊಂದು ಮತ್ತೊಬ್ಬನನ್ನು ಕೂರಿಸಿದರು. ಒಂದೇ ವರ್ಷ, ನಾಲ್ಕು ರಾಜರು.

ಇದರ ಜೊತೆಗೆ ನೆಲದ ಲೆಕ್ಕ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. 1235ರಲ್ಲಿ ರಿಚರ್ಡ್ ಡಿ ಬರ್ಗ್ ಎಂಬ ಇಂಗ್ಲಿಷ್ ಸರದಾರ ದೊಡ್ಡ ಸೈನ್ಯ ತಂದು ಕನಾಟ್ ಗೆದ್ದ. ಓಕಾನರ್‌ಗಳಿಗೆ ಉಳಿದದ್ದು ಇವತ್ತಿನ ರೊಸ್ಕಾಮನ್ ಜಿಲ್ಲೆ ಮತ್ತು ಅದರ ಸುತ್ತಿನ ನೆಲ. ಅದೂ ಇಂಗ್ಲೆಂಡಿನ ದೊರೆಗೆ ವರ್ಷ ವರ್ಷ ಗುತ್ತಿಗೆ ಕಟ್ಟಿಕೊಂಡು. ಮೊದಲು ಇಡೀ ಪ್ರಾಂತ್ಯ ಇದ್ದಾಗ ಸೋತ ಕವಲಿಗೆ ಎಲ್ಲೋ ಒಂದು ಮೂಲೆಯಲ್ಲಿ ಜಮೀನು ಕೊಟ್ಟು ಸುಮ್ಮನಿರಿಸಬಹುದಿತ್ತು. ಈಗ ಕೊಡಲು ಮೂಲೆಯೇ ಇಲ್ಲ. ಹಕ್ಕುದಾರರು ತಲೆಮಾರಿಗೆ ಹೆಚ್ಚುತ್ತಿದ್ದರು, ನೆಲ ಕುಗ್ಗುತ್ತಿತ್ತು. ಸೋತವನು ಮನೆಬಿಟ್ಟು ಪಕ್ಕದ ಬ್ರೆಫ್ನೆ ಕಾಡಿಗೋ, ಇಂಗ್ಲಿಷ್ ಸರದಾರನ ಬಾಗಿಲಿಗೋ ಹೋಗಬೇಕು. ಡಿ ಬರ್ಗ್‌ಗಳಿಗೆ ಬೇಕಾಗಿದ್ದೂ ಅದೇ. ಈ ವರ್ಷ ಒಂದು ಕವಲಿಗೆ ಕುಮ್ಮಕ್ಕು, ಮುಂದಿನ ವರ್ಷ ಇನ್ನೊಂದಕ್ಕೆ.

ಇನ್ನು ಬಾಡಿಗೆ ಸೈನಿಕರು. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಿಂದ ಬರುತ್ತಿದ್ದ ಕೊಡಲಿಯ ಕಾಲಾಳುಗಳಿಗೆ ಗ್ಯಾಲೋಗ್ಲಾಸ್ ಎಂದು ಹೆಸರು. 1259ರಲ್ಲಿ ಓಕಾನರ್ ರಾಜಕುಮಾರನೊಬ್ಬ ಆ ದ್ವೀಪಗಳ ದೊರೆಯ ಮಗಳನ್ನು ಮದುವೆಯಾದಾಗ, ಮದುಮಗಳ ಜೊತೆ 160 ಯೋಧರೂ ಬಂದರು. ಇವರಿಗೆ ಸಂಬಳ ಅಂತ ಹಣ ಕೊಡುವುದು ಕಡಿಮೆ. ರೈತರ ಮನೆಗಳಲ್ಲಿ ಬಿಡಾರ ಹೂಡಿಸುತ್ತಿದ್ದರು. ಬೆಣ್ಣೆ, ಓಟ್ಸ್, ಮಾಂಸ ಎಲ್ಲ ಆ ಮನೆಯವರದ್ದೇ ಖರ್ಚು. ಪಡೆ ಇಟ್ಟುಕೊಂಡ ದೊರೆ ಗೆಲ್ಲುತ್ತಿದ್ದ, ಅವನ ಊರುಗಳು ಬರಿದಾಗುತ್ತಿದ್ದವು.

ಈಗ ಫೆಲಿಮ್‌ನ ಕಥೆಗೆ ಬರೋಣ. ಅವನ ಅಪ್ಪನನ್ನು ಕೊಂದವನು ಬ್ರೆಫ್ನೆಯ ಏಡ್ ಎಂದು ಕರೆಸಿಕೊಳ್ಳುತ್ತಿದ್ದವನು. ಟರ್ಲೋನ ಇನ್ನೊಬ್ಬ ಮಗ ಮರ್ಟಾನ ಕವಲಿನವನು. ಕೊಂದು ಪಟ್ಟವೇನೋ ಏರಿದ, ಆದರೆ ಉಳಿಸಿಕೊಳ್ಳಲಿಲ್ಲ. 1310ರಲ್ಲಿ ಅವನದೇ ಬಾಡಿಗೆ ಪಡೆಯ ನಾಯಕ ಮ್ಯಾಕ್‌ಕ್ವಿಲನ್ ಎಂಬವನು ಅವನನ್ನು ಮೋಸದಿಂದ ಕೊಂದ. ಲಂಚ ಕೊಟ್ಟವನು ವಿಲಿಯಂ ಡಿ ಬರ್ಗ್. ಕೊಂದದ್ದು ಒಂದು ಗಿಡ್ಡ ಹಿಡಿಯ ಕೊಡಲಿಯಿಂದ. ಮರುವರ್ಷ ಮ್ಯಾಕ್‌ಕ್ವಿಲನ್ ಬಾಲಿಂಟಬರ್‌ನಲ್ಲಿ ಜಗಳ ಮಾಡಿಕೊಂಡು ಸತ್ತ. ಅವನನ್ನು ಕಡಿದದ್ದೂ ಅದೇ ಕೊಡಲಿಯಿಂದ ಎಂದು ಕನಾಟ್‌ನ ವಾರ್ಷಿಕ ದಾಖಲೆ ಬರೆದವರು ಮರೆಯದೆ ಸೇರಿಸಿದ್ದಾರೆ. ಬರೆದವರಿಗೂ ಸ್ವಲ್ಪ ಖುಷಿ ಆಗಿರಬೇಕು!

ರಾಜ ಇಲ್ಲದ ಆ ತಿಂಗಳುಗಳಲ್ಲಿ ಮ್ಯಾಕ್‌ಕ್ವಿಲನ್‌ನ 200 ಜನ ಕೂಲಿ ಸೈನಿಕರು ಓಕಾನರ್ ಸೀಮೆಯ ಮೇಲೆ ಬಿಡಾರ ಹೂಡಿದರು. ಬಿಡಾರ ಇಲ್ಲದ ಊರಿಲ್ಲ, ವಸೂಲಿ ಇಲ್ಲದ ಸೀಮೆಯಿಲ್ಲ ಎನ್ನುತ್ತದೆ ಅದೇ ದಾಖಲೆ. ವಿಲಿಯಂ ಡಿ ಬರ್ಗ್‌ಗೆ ಹೊಸ ರಾಜನೇ ಬೇಕಿರಲಿಲ್ಲ. ಖಾಲಿ ಪಟ್ಟವೇ ಅವನಿಗೆ ಅನುಕೂಲ.

ಇಲ್ಲಿ ಬರುವವನೇ ನನ್ನ ಲೆಕ್ಕದಲ್ಲಿ ಈ ಕಥೆಯ ಮುಖ್ಯ ಮನುಷ್ಯ. ಹೆಸರು ಮಲ್‌ರೂನಿ ಮ್ಯಾಕ್‌ಡರ್ಮಟ್. ರೊಸ್ಕಾಮನ್‌ನ ಉತ್ತರಕ್ಕಿರುವ ಮೊಯ್ಲರ್ಗ್ ಸೀಮೆಯ ಒಡೆಯ. ಕೀ ಸರೋವರದ ನಡುವಿನ ದ್ವೀಪ ಅವನ ಭದ್ರ ನೆಲೆ. ಅವನು ಓಕಾನರ್ ಅಲ್ಲ, ಹಾಗಾಗಿ ತಾನೇ ರಾಜನಾಗುವಂತಿಲ್ಲ. ಆದರೆ ಅವನ ಮನೆತನದ ಬೆಂಬಲ ಇಲ್ಲದೆ ಕನಾಟ್‌ನಲ್ಲಿ ರಾಜನಾಗುವುದು ಕಷ್ಟ. ಫೆಲಿಮ್ ಅವನ ಸಾಕುಮಗ. ಇಲ್ಲಿ ಸಾಕುಮಗ ಅಂದರೆ ಅನಾಥ ಅಂತಲ್ಲ. ಐರಿಷ್ ದೊರೆಗಳು ತಮ್ಮ ಮಕ್ಕಳನ್ನು ಚಿಕ್ಕಂದಿನಲ್ಲೇ ಇನ್ನೊಂದು ದೊಡ್ಡ ಮನೆಗೆ ಬೆಳೆಸಲು ಕೊಡುತ್ತಿದ್ದರು. ಹುಡುಗ ಅಲ್ಲೇ ಕುದುರೆ ಸವಾರಿ, ಆಯುಧ, ನಡೆನುಡಿ ಎಲ್ಲ ಕಲಿಯಬೇಕು. ಇದರ ಹಿಂದಿನ ಬುದ್ಧಿವಂತಿಕೆ ನೋಡಿ. ಒಡಹುಟ್ಟಿದವರು ಹೇಗೂ ಎದುರಾಳಿಗಳು. ಸಾಕಿದ ಮನೆಯವರಿಗೆ ಪಟ್ಟದ ಆಸೆ ಇಲ್ಲ, ತಾವು ಬೆಳೆಸಿದ ಹುಡುಗ ಪಟ್ಟಕ್ಕೆ ಬಂದರೆ ಲಾಭ ಮಾತ್ರ ಇದೆ. ಹಾಗಾಗಿ ರಾಜಕುಮಾರನೊಬ್ಬ ನಿಜವಾಗಿ ನಂಬಬಹುದಾದ್ದು ಸಾಕಿದವರನ್ನೇ.

1310ರಲ್ಲಿ ಮಲ್‌ರೂನಿ ಹುಡುಗನನ್ನು ಕರೆದುಕೊಂಡು ಕಾರ್ನ್‌ಫ್ರೀಗೆ ಹೋದ. ಟಲ್ಸ್ಕ್ ಊರಿನ ಹತ್ತಿರ ಬಯಲಿನ ಏರಿನ ಮೇಲೆ ಒಂದು ಕಲ್ಲುಗುಡ್ಡೆ. ಎತ್ತರ ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಓಕಾನರ್ ರಾಜರ ಪಟ್ಟಾಭಿಷೇಕ ನಡೆಯುತ್ತಿದ್ದದ್ದು ಅಲ್ಲಿ, ಆಕಾಶದ ಕೆಳಗೆ. ಕಿರೀಟ ಇಲ್ಲ, ಸಿಂಹಾಸನ ಇಲ್ಲ, ಹೊಸ ರಾಜನ ಕೈಗೆ ಒಂದು ಬಿಳಿ ಕೋಲು ಕೊಡುತ್ತಿದ್ದರು. ಆ ದಿನದ ವಿವರ ದಾಖಲೆಯಲ್ಲಿ ಅಪರೂಪಕ್ಕೆ ಉದ್ದವಾಗಿ ಬಂದಿದೆ. ಫೆಲಿಮ್ 'ಕನಾಟ್ ಪ್ರಾಂತ್ಯವನ್ನು ಮದುವೆಯಾದ' ಎಂದೇ ಬರೆದಿದ್ದಾರೆ. ರಾಜನಾಗುವುದೆಂದರೆ ನೆಲದ ಗಂಡನಾಗುವುದು ಎಂಬ ತುಂಬಾ ಹಳೆಯ ಕಲ್ಪನೆ ಅದು. ಆ ರಾತ್ರಿ ಸಾಕುತಂದೆ ಮಲ್‌ರೂನಿಯೇ ಮದುಮಗನ ಸೇವೆಗೆ ನಿಂತ, ಮುದುಕರ ನೆನಪಿನಲ್ಲಿ ಮತ್ತು ಹಳೆಯ ಪುಸ್ತಕಗಳಲ್ಲಿ ಇರುವ ಪದ್ಧತಿಯಂತೆ. ಅಲ್ಲಿಯವರೆಗೆ ಕನಾಟ್‌ನಲ್ಲಿ ಇಷ್ಟು ವೈಭವದ ರಾಜಮದುವೆ ನಡೆದಿರಲಿಲ್ಲವಂತೆ.

ನನಗೆ ಈ ವೈಭವದ ಮೇಲೆ ಸ್ವಲ್ಪ ಅನುಮಾನ ಇದೆ. ಹಳೆಯ ಪುಸ್ತಕ ನೋಡಿ, ಮುದುಕರನ್ನು ಕೇಳಿ ಶಾಸ್ತ್ರ ಮಾಡಬೇಕಾಗಿ ಬಂತೆಂದರೆ ಅದು ದಿನಬಳಕೆಯ ಶಾಸ್ತ್ರವಲ್ಲ. 17 ವರ್ಷದ ಹುಡುಗ, ಹಿಂದೆ ಸೈನ್ಯ ಇಲ್ಲ, ಇಂಗ್ಲಿಷರ ಒಪ್ಪಿಗೆ ಇಲ್ಲ. ಅವನ ಹಕ್ಕನ್ನು ಗಟ್ಟಿ ಮಾಡಲು ಮಲ್‌ರೂನಿ ಪುರಾತನ ಕಾಲದ ಶಾಸ್ತ್ರವನ್ನೇ ಎಬ್ಬಿಸಿದ. ಮಲ್‌ರೂನಿಗೆ ಹುಡುಗನ ಮೇಲೆ ಪ್ರೀತಿ ಇದ್ದಿರಬಹುದು. ಆದರೆ ದಾಖಲೆ ಕೊಡುವ ಕಾರಣ ಬೇರೆ. ಇಂಗ್ಲಿಷರು ತನ್ನ ಬಲವನ್ನೇ ಮುರಿಯಲು ನೋಡುತ್ತಿದ್ದಾರೆ ಎಂಬ ಸಿಟ್ಟು ಅವನಿಗಿತ್ತು. ಅವನನ್ನೊಬ್ಬನನ್ನು ಬಗ್ಗಿಸಿದರೆ ಇಡೀ ಕನಾಟ್ ಕೈಗೆ ಬರುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. 23ರ ಹುಡುಗ ಇಷ್ಟೆಲ್ಲ ಹೇಗೆ ಮಾಡಿದ ಎಂದು ಕೇಳಿದ್ದಿರಿ. ಬಹಳಷ್ಟನ್ನು ಅವನು ಮಾಡಲಿಲ್ಲ, ಅವನ ಹೆಸರಿನಲ್ಲಿ ಮಲ್‌ರೂನಿ ಮಾಡಿದ.

ಇಂಥ ದೊರೆಯ ದಿನಗಳು ಹೇಗಿದ್ದವು? ಅಥೆನ್ರೈಯಲ್ಲಿ ನೀವು ನೋಡಿದಂಥ ಕಲ್ಲಿನ ಕೋಟೆ ಅವನದಲ್ಲ, ಅದು ಇಂಗ್ಲಿಷ್ ಸರದಾರರ ಶೈಲಿ. ಫೆಲಿಮ್‌ನ ಅಪ್ಪ ಕ್ಲೂನ್‌ಫ್ರೀ ಎಂಬಲ್ಲಿ ಅರಮನೆ ಕಟ್ಟಿಸಿದ್ದ. ಸುತ್ತ ನೀರಿನ ಕಂದಕ, ಒಳಗೆ ಮರದ ಮನೆ. ಆಸ್ಥಾನದ ಕವಿಗಳು ಅದನ್ನು ಸ್ವರ್ಗಕ್ಕೇ ಹೋಲಿಸುವ ಹಾಗೆ ಹೊಗಳಿದರು, ಅದು ಅವರ ಕೆಲಸ. ಕಂದಕದ ಗುರುತು ಸ್ಟ್ರೋಕ್ಸ್‌ಟೌನ್ ಹತ್ತಿರ ಈಗಲೂ ಇದೆ. ದೊರೆಯ ಸಂಪತ್ತು ಅಂದರೆ ದನ. ಕಾಳಗ ಅಂದರೆ ಹೆಚ್ಚಿನ ಸಲ ದನ ಹೊಡೆದುಕೊಂಡು ಬರುವುದು. ಸೋತರೆ ಜನ ಮನೆ ಬಿಟ್ಟು, ಹಿಂಡು ಹೊಡೆದುಕೊಂಡು, ಹೆಂಗಸರು ಮಕ್ಕಳ ಜೊತೆ ಬೇರೆ ಸೀಮೆಗೆ ಹೋಗುತ್ತಿದ್ದರು. ಒಂದು ಸೀಮೆಯೇ ಎದ್ದು ನಡೆಯುತ್ತಿತ್ತು. ಫೆಲಿಮ್‌ನ ಐದು ವರ್ಷದ ಮೊದಲ ಆಳ್ವಿಕೆ ಇಂಥ ಸಣ್ಣಪುಟ್ಟ ಓಡಾಟದಲ್ಲೇ ಕಳೆಯಿತು. ನಿಧಾನಕ್ಕೆ ಡಿ ಬರ್ಗ್‌ಗಳೂ ಅವನನ್ನು ಒಪ್ಪಿಕೊಂಡರು.

1315ರ ಮೇನಲ್ಲಿ ಎಲ್ಲ ತಲೆಕೆಳಗಾಯಿತು. ಹಿಂದಿನ ವರ್ಷ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷರನ್ನು ಸೋಲಿಸಿದ್ದ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್ ತನ್ನ ತಮ್ಮ ಎಡ್ವರ್ಡ್‌ನನ್ನು ಸೈನ್ಯದ ಜೊತೆ ಉತ್ತರ ಐರ್ಲೆಂಡಿಗೆ ಕಳಿಸಿದ. ಎಡ್ವರ್ಡ್ ತಾನೇ ಐರ್ಲೆಂಡಿನ ರಾಜ ಅಂತ ಸಾರಿಕೊಂಡ. ಅವನನ್ನು ಎದುರಿಸಲು ಹೊರಟವನು ಉತ್ತರದ ಅಲ್ಸ್ಟರ್ ಪ್ರಾಂತ್ಯದ 'ಕೆಂಪು ಅರ್ಲ್' (ಅರ್ಲ್ ಅನ್ನುವುದು ದೊಡ್ಡ ಸರದಾರನ ಬಿರುದು), ರಿಚರ್ಡ್ ಡಿ ಬರ್ಗ್. 1235ರಲ್ಲಿ ಕನಾಟ್ ಗೆದ್ದವನ ಮೊಮ್ಮಗ, ಮೊದಲೇ ಹೇಳಿದ ವಿಲಿಯಂನ ದಾಯಾದಿ, ಐರ್ಲೆಂಡಿನ ಅತಿ ಬಲಶಾಲಿ ಸರದಾರ. ಅವನ ಮಗಳು ಎಲಿಜಬೆತ್ ರಾಬರ್ಟ್ ಬ್ರೂಸ್‌ನ ಹೆಂಡತಿ! ಅಂದರೆ ಅರ್ಲ್ ಯುದ್ಧಕ್ಕೆ ಹೊರಟದ್ದು ಅಳಿಯನ ತಮ್ಮನ ಮೇಲೆ. ಫೆಲಿಮ್ ತನ್ನ ಪಡೆ ಕಟ್ಟಿಕೊಂಡು ಅರ್ಲ್‌ನ ಜೊತೆ ಉತ್ತರಕ್ಕೆ ಹೋದ. ನೀವು ಓದಿದ 'ಇಂಗ್ಲಿಷರ ಜೊತೆಗಿದ್ದ' ಎಂಬ ಮಾತು ಇದೇ.

ಎರಡು ಸೈನ್ಯಗಳ ನಡುವೆ ಬ್ಯಾನ್ ನದಿ ತುಂಬಿ ಹರಿಯುತ್ತಿತ್ತು. ಎಡ್ವರ್ಡ್ ಬ್ರೂಸ್ ಗುಟ್ಟಾಗಿ ಫೆಲಿಮ್‌ಗೆ ಮಾತು ಕಳಿಸಿದ: ಅರ್ಲ್‌ನನ್ನು ಬಿಟ್ಟು ಬಾ, ಕನಾಟ್ ಪಾಲಾಗದೆ ಪೂರ್ತಿ ನಿನಗೇ. ಫೆಲಿಮ್ ಕಿವಿಗೊಟ್ಟ. ಅಷ್ಟರಲ್ಲಿ ಬ್ರೂಸ್‌ನ ಬಿಡಾರಕ್ಕೆ ಇನ್ನೊಬ್ಬ ಓಕಾನರ್ ಬಂದ. ಮರ್ಟಾ ಕವಲಿನ ರೋರಿ. ಅಪ್ಪನನ್ನು ಕೊಂದ ಅದೇ ಕವಲು. ಕನಾಟ್‌ನ ಇಂಗ್ಲಿಷರನ್ನು ನಾನು ಓಡಿಸುತ್ತೇನೆ ಎಂದ. ಸರಿ, ಆದರೆ ಫೆಲಿಮ್‌ನ ನೆಲ ಮುಟ್ಟಬೇಡ ಎಂದ ಬ್ರೂಸ್. ಪಾಪ, ಹೊರಗಿನವನು. ಇಬ್ಬರು ಓಕಾನರ್‌ಗಳಿಗೂ ಮಾತು ಕೊಟ್ಟು ಇಬ್ಬರನ್ನೂ ಇಟ್ಟುಕೊಳ್ಳಬಹುದು ಅಂದುಕೊಂಡ. ರೋರಿ ಮನೆಗೆ ಬಂದವನೇ ಸ್ಲೈಗೋ, ರೊಸ್ಕಾಮನ್, ಅಥ್ಲೋನ್ ಸುಟ್ಟ. ನೆಟ್ಟಗೆ ಕಾರ್ನ್‌ಫ್ರೀಗೆ ಹೋಗಿ ತಾನೇ ರಾಜನಾದ.

ಸುದ್ದಿ ಕೇಳಿ ಫೆಲಿಮ್ ಅರ್ಲ್‌ನ ಅನುಮತಿ ಪಡೆದು ಮನೆಯ ಕಡೆ ಓಡಿದ. ದಾರಿಯುದ್ದಕ್ಕೂ ದಾಳಿ. ಸೀಮೆ ಮುಟ್ಟುವಾಗ ಕೈಯಲ್ಲಿ ಹೇಳಿಕೊಳ್ಳುವಂಥ ಪಡೆ ಉಳಿದಿರಲಿಲ್ಲ. ಆಗ ಅವನು ಮಾಡಿದ್ದು ನನಗೆ ಇಷ್ಟವಾಗುವ ಕೆಲಸ. ತನ್ನ ಜೊತೆ ಬರಲಾಗದ ಸಾಮಂತರಿಗೆ ಹೇಳಿದ: ಸದ್ಯ ರೋರಿಗೆ ಶರಣಾಗಿ ಜೀವ ಉಳಿಸಿಕೊಳ್ಳಿ, ನನ್ನ ಕೈ ಬಲವಾದಾಗ ನೋಡೋಣ. ಬಹುತೇಕರು ಹೋದರು. ಮಲ್‌ರೂನಿ ಹೋಗಲಿಲ್ಲ. ಅದಕ್ಕೆ ಅವನೂ ಬೆಲೆ ತೆತ್ತ. ಅವನ ಸೀಮೆಯನ್ನು ಅವನದೇ ಬಂಧು ಡರ್ಮಟ್ ಆಕ್ರಮಿಸಿಕೊಂಡ. ರಾಜನ ಮನೆಯ ರೋಗ ಸಾಮಂತನ ಮನೆಗೂ ಹತ್ತಿತ್ತು.

ಅತ್ತ ಫೆಲಿಮ್ ಇಲ್ಲದೆ ಬಲ ಕುಗ್ಗಿದ ಅರ್ಲ್ ಸೆಪ್ಟೆಂಬರ್ 10ರಂದು ಕಾನರ್ ಎಂಬಲ್ಲಿ ಬ್ರೂಸ್‌ನಿಂದ ಸೋತ. ವಿಲಿಯಂ ಡಿ ಬರ್ಗ್ ಸೆರೆಯಾದ. ಕೆಂಪು ಅರ್ಲ್ ಆ ವರ್ಷವೆಲ್ಲ ಅಧಿಕಾರವಿಲ್ಲದೆ ಐರ್ಲೆಂಡಿನ ಉದ್ದಗಲ ಅಲೆದ ಎಂದು ದಾಖಲೆ ಹೇಳುತ್ತದೆ. ಅದೇ ವರ್ಷ ಯುರೋಪಿನ ಮಹಾಕ್ಷಾಮವೂ ಶುರುವಾಗಿತ್ತು. ಮಳೆ ನಿಲ್ಲಲಿಲ್ಲ, ಬೆಳೆ ಕೊಳೆಯಿತು. ಉಳಿದ ಬೆಳೆಯನ್ನು ಸೈನ್ಯಗಳು ಸುಟ್ಟವು.

ಈಗ ಲೆಕ್ಕ ನೋಡಿ. ರೋರಿ ಬ್ರೂಸ್‌ನ ಹೆಸರಿನಲ್ಲಿ ಕನಾಟ್ ಹಿಡಿದಿದ್ದಾನೆ. ಹಾಗಾದರೆ ಫೆಲಿಮ್‌ಗೆ ಉಳಿದದ್ದು ಯಾರು? ಪಶ್ಚಿಮ ಕನಾಟ್‌ನ ಇಂಗ್ಲಿಷರು. ಅವರೂ ರೋರಿಯ ಬೆಂಕಿಗೆ ತುತ್ತಾದವರೇ. ಅವರಲ್ಲಿ ಮುಖ್ಯನಾದವನು ರಿಚರ್ಡ್ ಡಿ ಬರ್ಮಿಂಗ್‌ಹ್ಯಾಮ್. ನೀವು ನೋಡಿದ ಅಥೆನ್ರೈ ಕೋಟೆಯ ಒಡೆಯ. 1316ರ ಫೆಬ್ರವರಿಯಲ್ಲಿ ಇಬ್ಬರೂ ಸೇರಿ ಗಾಲ್ವೇ ಜಿಲ್ಲೆಯ ಉತ್ತರದಲ್ಲಿರುವ ಟೆಂಪಲ್‌ಟೋಹರ್ ಹತ್ತಿರ, ಜವುಗು ನೆಲದ ಒಡ್ಡಿನ ಬಳಿ, ರೋರಿಯನ್ನು ಎದುರಿಸಿದರು. ರೋರಿ ಸತ್ತ. ಮಲ್‌ರೂನಿಯ ಜಾಗ ಕಬಳಿಸಿದ್ದ ಡರ್ಮಟ್ ಕೂಡ ಅಲ್ಲೇ ಸತ್ತ. ಫೆಲಿಮ್ ಮತ್ತೆ ರಾಜನಾದ.

ಇಲ್ಲಿಯವರೆಗೆ ಪಕ್ಷಾಂತರ ಎಲ್ಲಿದೆ ಹೇಳಿ? ದಾಯಾದಿ ಬ್ರೂಸ್ ಕಡೆ ಹೋದ, ಇವನು ಇಂಗ್ಲಿಷರ ಕಡೆ ಉಳಿದ. ಅಷ್ಟೇ.

ನಾನು ಮೊದಲು ಹೇಳಿದ ಆ ಒಂದು ಸಲ ಈಗ ಬರುತ್ತದೆ. ರೋರಿ ಸತ್ತ ಮೇಲೆ ಫೆಲಿಮ್‌ಗೆ ತಕ್ಷಣದ ಎದುರಾಳಿ ಇರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ದಾಯಾದಿಯ ಮುಖ ನೋಡದೆ ಹೆಜ್ಜೆ ಇಡಬಹುದಿತ್ತು. ಅವನು ಮಾಡಿದ್ದು ಏನು? ಕೆಲವೇ ವಾರಗಳಲ್ಲಿ, ಗೆಲುವಿಗೆ ನೆರವಾದ ಇಂಗ್ಲಿಷರ ಮೇಲೆಯೇ ತಿರುಗಿಬಿದ್ದ. ಮೇಯೋ ಜಿಲ್ಲೆಯ ಬ್ಯಾಲಿಲಹನ್ ಸುಟ್ಟ. ಡಿ ಎಕ್ಸೆಟರ್, ಕೋಗನ್ ಮನೆತನಗಳ ಸರದಾರರನ್ನು ಕೊಂದ. ಸುತ್ತಲಿನ ಐರಿಷ್ ದೊರೆಗಳನ್ನು ಒಟ್ಟುಗೂಡಿಸಿದ. ದಕ್ಷಿಣದಿಂದ ಓಬ್ರಿಯನ್, ಪೂರ್ವದಿಂದ ಮೀತ್‌ನವರು, ಪಕ್ಕದ ಉಯ್‌ಮಾನಿ ಸೀಮೆಯ ಟೈಗ್ ಓಕೆಲಿ. ಇಷ್ಟು ಜನ ಒಬ್ಬ ಓಕಾನರ್‌ನ ಹಿಂದೆ ನಿಂತು ಎಷ್ಟೋ ತಲೆಮಾರು ಕಳೆದಿತ್ತು. ಗುರಿ ಕನಾಟ್‌ನಿಂದ ಇಂಗ್ಲಿಷರನ್ನು ಪೂರ್ತಿ ಹೊರಹಾಕುವುದು.

ಹಾಗಾಗಿ ಅಥೆನ್ರೈಯ ಆ ಊರಿನವರು ಹೇಳಿದ ವೀರನ ಕಥೆಗೆ ಆಧಾರ ಇದೆ. ಆದರೆ ಆ ಕಥೆ ಅವನ ಬದುಕಿನ ಕೊನೆಯ ಆರು ತಿಂಗಳಿಗೆ ಮಾತ್ರ ಸೇರಿದ್ದು. ಬರ್ಮಿಂಗ್‌ಹ್ಯಾಮ್‌ನ ದೃಷ್ಟಿಯಲ್ಲಿ ಅದು ಶುದ್ಧ ದ್ರೋಹ, ಅದನ್ನೂ ಮುಚ್ಚಿಡಬಾರದು. ನನ್ನ ಅಭಿಪ್ರಾಯ ಕೇಳಿದರೆ, ಅದು ದುಡುಕು. ಅರ್ಲ್ ಬಿದ್ದಿದ್ದ ನಿಜ, ಆದರೆ ಕನಾಟ್‌ನ ಇಂಗ್ಲಿಷರು ಟೆಂಪಲ್‌ಟೋಹರ್‌ನಲ್ಲಿ ಗೆದ್ದ ಪಡೆಯ ಅರ್ಧಭಾಗ. ಅವರನ್ನು ಎದುರು ಹಾಕಿಕೊಳ್ಳುವ ಮೊದಲು ಒಂದು ಬೇಸಿಗೆಯಾದರೂ ಕಾಯಬಹುದಿತ್ತು. ಕಾಯಲಿಲ್ಲ, ಯಾಕೆಂದರೆ ಇನ್ನೊಬ್ಬ ದಾಯಾದಿ ತಲೆಯೆತ್ತುವ ಮುಂಚೆ ಕೆಲಸ ಮುಗಿಸಬೇಕು. ಕಾದು ಕೂತ ಓಕಾನರ್‌ಗಳು ಬದುಕಿದ್ದು ಕಡಿಮೆ.

ಅಷ್ಟರಲ್ಲಿ ವಿಲಿಯಂ ಡಿ ಬರ್ಗ್ ಸ್ಕಾಟರ ಸೆರೆಯಿಂದ ಬಿಡುಗಡೆಯಾಗಿ ಬಂದ. ಬರ್ಮಿಂಗ್‌ಹ್ಯಾಮ್ ಅವನ ಜೊತೆ ಸೇರಿದ. ಸುದ್ದಿ ತಿಳಿದು ಫೆಲಿಮ್ ಅಥೆನ್ರೈ ಕಡೆ ಸೈನ್ಯ ತಿರುಗಿಸಿದ. ಆಗಸ್ಟ್ 10, 1316. ಐರಿಷರಿಗೆ ಸಂಖ್ಯೆ ಇತ್ತು. ಇಂಗ್ಲಿಷರಿಗೆ ಬಿಲ್ಲುಗಾರರು ಮತ್ತು ಉಕ್ಕಿನ ಬಲೆಯಂಗಿ ತೊಟ್ಟ ಸವಾರರು ಇದ್ದರು. ಇಲ್ಲಿಯವರೆಗಿನ ಕಾಳಗಗಳೆಲ್ಲ ಕಾಡು, ಜವುಗು, ನದಿ ದಾಟುವ ಜಾಗಗಳಲ್ಲಿ ನಡೆದಿದ್ದವು. ಅಲ್ಲಿ ಓಕಾನರ್‌ಗಳಿಗೆ ನೆಲ ನೆರವಾಗುತ್ತಿತ್ತು. ಊರ ಮುಂದಿನ ಬಯಲಿನಲ್ಲಿ ಆ ಅನುಕೂಲ ಇರಲಿಲ್ಲ. ಫೆಲಿಮ್ ಸತ್ತ, ಟೈಗ್ ಓಕೆಲಿ ಸತ್ತ, ಅವರ ಜೊತೆ ಕನಾಟ್‌ನ ದೊಡ್ಡ ಮನೆತನಗಳ ಒಂದು ತಲೆಮಾರೇ ಬಿತ್ತು. ಐರಿಷರು ಯಾರ ಮೇಲೆ ಅತಿ ಹೆಚ್ಚು ಭರವಸೆ ಇಟ್ಟಿದ್ದರೋ ಅವನು ಹೋದ, ವಯಸ್ಸು 23 ಎಂದು ದಾಖಲೆ ಬರೆದುಕೊಂಡಿತು. ಅಥೆನ್ರೈ ಊರಿನ ಹಳೆಯ ಮುದ್ರೆಯ ಚಿತ್ರ ಗೂಗಲ್ ಮಾಡಿ ನೋಡಿ. ಕೋಟೆ ಬಾಗಿಲ ಮೇಲೆ ಈಟಿಗೆ ಚುಚ್ಚಿದ ಎರಡು ತಲೆಗಳಿವೆ. ಅವು ಫೆಲಿಮ್ ಮತ್ತು ಓಕೆಲಿಯ ತಲೆಗಳು ಎಂದು ಊರಿನ ನಂಬಿಕೆ. ಸತ್ತವರ ಆಯುಧ ಮಾರಿದ ಹಣದಿಂದ ಊರ ಗೋಡೆ ಕಟ್ಟಿದರು ಎಂದೂ ಹೇಳುತ್ತಾರೆ. ಅದನ್ನು ಅರ್ಧ ನಂಬಿ, ಗೋಡೆಗಾಗಿ ತೆರಿಗೆ ಎತ್ತಲು ಅನುಮತಿ 1310ರಲ್ಲೇ ಸಿಕ್ಕಿತ್ತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಗೆದ್ದಿದ್ದರೆ? ಕನಾಟ್‌ನ ಮಟ್ಟಿಗೆ ದೊಡ್ಡ ಬದಲಾವಣೆ ಆಗುತ್ತಿತ್ತು. ಆದರೆ ಐರ್ಲೆಂಡ್ ಬಿಡುಗಡೆ ಆಗುತ್ತಿತ್ತು ಅನ್ನುವುದನ್ನು ನಾನು ನಂಬುವುದಿಲ್ಲ. ಮೊದಲನೆಯದಾಗಿ ಬ್ರೂಸ್‌ನನ್ನು ಎಲ್ಲ ಐರಿಷರೂ ಬಯಸಿರಲಿಲ್ಲ. 1318ರ ಅಕ್ಟೋಬರ್ 14ರಂದು ಡಂಡಾಕ್ ಹತ್ತಿರದ ಫಾಗರ್ಟ್‌ನಲ್ಲಿ ಅವನು ಸತ್ತಾಗ ಗೇಲಿಕ್ ದಾಖಲೆಕಾರರೇ ಬರೆದದ್ದು ನೋಡಿ: ಜಗತ್ತು ಹುಟ್ಟಿದಾಗಿನಿಂದ ಐರ್ಲೆಂಡಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರೂ ಮಾಡಿರಲಿಲ್ಲ. ಅವನು ಇದ್ದ ಮೂರೂವರೆ ವರ್ಷ ಹಸಿವು, ಕೊಲೆ, ಮನುಷ್ಯರು ಮನುಷ್ಯರನ್ನೇ ತಿನ್ನುವ ಸ್ಥಿತಿ ಇತ್ತಂತೆ.

ಎರಡನೆಯದು ಇನ್ನೂ ಮುಖ್ಯ. ಕನಾಟ್‌ನಲ್ಲಿ ಇಂಗ್ಲಿಷ್ ದೊರೆಯ ಆಡಳಿತ ಕುಸಿದೇ ಕುಸಿಯಿತು, ಅಥೆನ್ರೈಯಲ್ಲಿ ಐರಿಷರು ಸೋತ ಮೇಲೂ. ಅದನ್ನು ಮುರಿದದ್ದು ಓಕಾನರ್‌ಗಳಲ್ಲ, ಗೆದ್ದ ಡಿ ಬರ್ಗ್‌ಗಳೇ. ಅಥೆನ್ರೈ ಗೆದ್ದ ವಿಲಿಯಂನ ಮಗ ವಾಲ್ಟರ್‌ನನ್ನು ಕೆಂಪು ಅರ್ಲ್‌ನ ಮೊಮ್ಮಗ ಸೆರೆ ಹಿಡಿದ. 1332ರಲ್ಲಿ ಕೋಟೆಯೊಂದರಲ್ಲಿ ಅನ್ನ ಕೊಡದೆ ಸಾಯಿಸಿದ. ಮರುವರ್ಷ ಆ ಮೊಮ್ಮಗನನ್ನು ಅವನದೇ ಜನ ಕೊಂದರು. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಿಕ್ಕ ಡಿ ಬರ್ಗ್‌ಗಳು ಪ್ರಾಂತ್ಯವನ್ನು ತಮ್ಮ ತಮ್ಮಲ್ಲೇ ಹರಿದುಕೊಂಡರು. ಇಂಗ್ಲೆಂಡಿನ ದೊರೆಯ ಮಾತು ಅಲ್ಲಿ ನಡೆಯುವುದೇ ನಿಂತಿತು. ಅವರು ನಿಧಾನಕ್ಕೆ ಐರಿಷ್ ಮಾತಾಡುವ, ಐರಿಷ್ ಪದ್ಧತಿಯ ದೊರೆಗಳೇ ಆಗಿಬಿಟ್ಟರು. ಹೊರಗಿನಿಂದ ಬಂದು ದಾಯಾದಿ ಜಗಳದಲ್ಲಿ ಬೇಳೆ ಬೇಯಿಸಿಕೊಂಡವರ ಮನೆಗೇ ಆ ಜಗಳ ಬಂತು.

ಹಾಗಂತ ಓಕಾನರ್‌ಗಳು ಆ ಅವಕಾಶ ಬಳಸಿಕೊಂಡರೇ? ಇಲ್ಲ. ಫೆಲಿಮ್ ಸತ್ತ ಮೇಲೆ ಬೇರೆ ಕವಲಿನವರು ಪಟ್ಟ ಹಿಡಿದರು, ಕಳೆದುಕೊಂಡರು. ನಡುವೆ ಫೆಲಿಮ್‌ನ ತಮ್ಮ ಟರ್ಲೋ ಬಂದ, ಹೋದ, 1324ರಲ್ಲಿ ಎದುರಾಳಿಯನ್ನು ಕೊಂದು ಮತ್ತೆ ಬಂದು 1345ರವರೆಗೆ ಆಳಿದ. ಮಲ್‌ರೂನಿ ಇವರೆಲ್ಲರಿಗಿಂತ ಗಟ್ಟಿ. 1331ರಲ್ಲಿ ತಾನಾಗಿಯೇ ಒಡೆತನ ಬಿಟ್ಟು ಮಗನಿಗೆ ಕೊಟ್ಟು, ಬಾಯ್ಲ್ ಮಠದಲ್ಲಿ ಸನ್ಯಾಸಿಯಾದ. ಕೊನೆಗೆ 1384ರಲ್ಲಿ ಓಕಾನರ್ ಪಟ್ಟವೇ ಎರಡಾಯಿತು. ಒಂದು ಪಾಲು ಫೆಲಿಮ್‌ನ ಮೊಮ್ಮಗನಿಗೆ, ಇನ್ನೊಂದು ಅವನ ತಮ್ಮ ಟರ್ಲೋನ ಮೊಮ್ಮಗನಿಗೆ. ಒಬ್ಬ 'ಕೆಂಪು' ಓಕಾನರ್, ಇನ್ನೊಬ್ಬ 'ಕಂದು' ಓಕಾನರ್. ಮುಂದಿನ ಇನ್ನೂರು ವರ್ಷ ಇವರಿಬ್ಬರ ಸಂತಾನ ಹೊಡೆದಾಡಿತು.

ಒಂದು ಎಚ್ಚರಿಕೆ. ನೀವು ರೊಸ್ಕಾಮನ್‌ಗೆ ಹೋದರೆ ಡೊಮಿನಿಕನ್ ಮಠದ ಪಾಳಿನಲ್ಲಿ ಫೆಲಿಮ್ ಓಕಾನರ್‌ನ ಸಮಾಧಿ ಅಂತ ಒಂದು ಚೆಂದದ ಕಲ್ಲಿನ ಮೂರ್ತಿ ತೋರಿಸುತ್ತಾರೆ. ಕೆಳಗೆ ಗ್ಯಾಲೋಗ್ಲಾಸ್ ಯೋಧರ ಕೆತ್ತನೆಯೂ ಇದೆ. ಅದು ನಮ್ಮ ಫೆಲಿಮ್ ಅಲ್ಲ. 1253ರಲ್ಲಿ ಆ ಮಠ ಕಟ್ಟಿಸಿ 1265ರಲ್ಲಿ ತೀರಿಕೊಂಡ ಇನ್ನೊಬ್ಬ ಫೆಲಿಮ್, ಕೆಂಪು ಕೈಯ ಕಾಹಲ್‌ನ ಮಗ. ಯೋಧರ ಕೆತ್ತನೆಯಂತೂ 15ನೇ ಶತಮಾನದ್ದು, ಬೇರೆ ಕಡೆಯಿಂದ ತಂದು ಜೋಡಿಸಿದ್ದು. ನಮ್ಮವನಿಗೆ ಸಂಬಂಧಿಸಿದ ಜಾಗ ನೋಡಬೇಕಾದರೆ ಟಲ್ಸ್ಕ್ ಕಡೆ ಹೋಗಿ ಕಾರ್ನ್‌ಫ್ರೀ ದಾರಿ ಕೇಳಿ. ಸುತ್ತ ಹುಲ್ಲುಗಾವಲು, ಹಾಗಾಗಿ ಮಳೆಗಾಲದ ಬೂಟು ಹಾಕಿಕೊಂಡು ಹೋಗಿ.